ನೀರಿನಿಂದ ಕಲ್ಲಿದ್ದಲಿಗೆ, ಕಲ್ಲಿದ್ದಲಿನಿಂದ ಬಿಸಿಲಿಗೆ



ಕಲ್ಲಿದ್ದಲು, ಎಣ್ಣೆಗಳನ್ನು ಬಿಟ್ಟು ಬಿಸಿಲು, ಗಾಳಿಗಳ ಕಡೆಗೆ ಬಡ ದೇಶಗಳು ಹೊರಳುವುದು ಹೇಗೆ ಎಂಬುದರ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದ್ದಾರೆ. ವಿಷಯ ದೊಡ್ಡದು, ಗಂಟೆ ಒಂದೇ. ಜಗತ್ತಿನ ಲೆಕ್ಕವನ್ನೆಲ್ಲ ಇಲ್ಲಿ ಒಪ್ಪಿಸುವ ಬದಲು ನಮ್ಮದೇ ರಾಜ್ಯದ ವಿದ್ಯುತ್ತಿನ ಕಥೆಯನ್ನು ಹಿಡಿದು ಹೊರಡುತ್ತೇನೆ. ಅಭಿಮಾನಕ್ಕಾಗಿ ಅಲ್ಲ. ಮುಂದುವರಿದ ದೇಶಗಳು ಕಲ್ಲಿದ್ದಲಿನಿಂದ ಶುರುಮಾಡಿ ಈಗ ಅದನ್ನು ಬಿಡುವ ಮಾತಾಡುತ್ತಿವೆ. ನಮ್ಮ ದಾರಿ ಹಾಗಿರಲಿಲ್ಲ. ನಾವು ನೀರಿನಿಂದ ಶುರುಮಾಡಿದೆವು, ಎಂಬತ್ತು ವರ್ಷ ನೀರನ್ನೇ ನಂಬಿದೆವು, ಆಮೇಲೆ ಕಲ್ಲಿದ್ದಲಿಗೆ ಬಂದೆವು, ಈಗ ಬಿಸಿಲಿಗೆ ಹೊರಟಿದ್ದೇವೆ. ಒಮ್ಮೆ ಹೋಗಿ ಒಮ್ಮೆ ಬಂದವರಿಗೆ ದಾರಿಯಲ್ಲಿ ಹಳ್ಳ ಎಲ್ಲೆಲ್ಲಿ ಇದೆ ಎಂಬುದು ಗೊತ್ತಿರಬೇಕು. ನಮಗೆ ಗೊತ್ತಿದೆಯೇ ಎಂಬುದು ನನ್ನ ಇವತ್ತಿನ ಪ್ರಶ್ನೆ.

1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಅಷ್ಟು ದೂರದ ವಿದ್ಯುತ್ ಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ. ಮೊದಲು ಗಣಿ, ಆಮೇಲೆ ಪೇಟೆ. ಕಾವೇರಿ ದಂಡೆಯ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ದಶಕಗಳ ಮೇಲೆ. ಈ ಕ್ರಮವನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಎದುರಾಗುತ್ತದೆ.

ನಾನು ಹೇಳಹೊರಟದ್ದು ಇನ್ನೊಂದು ಸಂಗತಿ. ಶಿವನಸಮುದ್ರದ್ದು ಹರಿಯುವ ನೀರಿನ ವಿದ್ಯುತ್ತು. ಮಳೆಗಾಲದಲ್ಲಿ ಕಾವೇರಿ ತುಂಬಿ ಬರುತ್ತಾಳೆ, ಬೇಸಿಗೆಯಲ್ಲಿ ಸೊರಗುತ್ತಾಳೆ. ಗಣಿಗೆ ಮಾತ್ರ ವರ್ಷವಿಡೀ ಒಂದೇ ಅಳತೆಯಲ್ಲಿ ಕೊಡುತ್ತೇವೆಂದು ಕಂಪನಿಗಳ ಜೊತೆ ಕರಾರಾಗಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದದ್ದಕ್ಕೆ ಮಂಡ್ಯದ ಗದ್ದೆಗಳು ಎಷ್ಟು ಕಾರಣವೋ ಈ ಬೇಸಿಗೆಯ ಕೊರತೆಯೂ ಅಷ್ಟೇ ಕಾರಣ. ನಮ್ಮ ಪಠ್ಯಪುಸ್ತಕಗಳು ಕನ್ನಂಬಾಡಿಯನ್ನು ನೀರಾವರಿಯ ಕಟ್ಟೆ ಎಂದಷ್ಟೇ ಕಲಿಸುತ್ತವೆ. ವಿದ್ಯುತ್ತಿನ ಕಡೆಯಿಂದ ನೋಡಿದರೆ ಅದು ಇಲ್ಲದ ಕಾಲಕ್ಕೆ ಕೂಡಿಡುವ ಏರ್ಪಾಡು. ಸುಗ್ಗಿಯಲ್ಲಿ ಬಂದದ್ದನ್ನು ಹಗೇವಿಗೆ ಇಳಿಸಿ ಆಷಾಢದಲ್ಲಿ ತೆಗೆಯುವಂಥದ್ದು. ಇವತ್ತು ಸೌರವಿದ್ಯುತ್ತನ್ನು ಹಳಿಯುವವರು, ಸೂರ್ಯ ಮುಳುಗಿದ ಮೇಲೆ ಏನು ಮಾಡುತ್ತೀರಿ ಎಂದು ಹೊಸದೇನನ್ನೋ ಕಂಡುಹಿಡಿದವರಂತೆ ಕೇಳುತ್ತಾರೆ. ಮೈಸೂರು ಸಂಸ್ಥಾನದ ಎಂಜಿನಿಯರುಗಳು ಅದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಕೇಳಿಕೊಂಡು ಉತ್ತರ ಕಟ್ಟಲು ತೊಡಗಿದ್ದರು. ಪ್ರಕೃತಿ ತನ್ನ ಹೊತ್ತಿಗೆ ಕೊಡುತ್ತದೆ, ಮನುಷ್ಯ ತನ್ನ ಹೊತ್ತಿಗೆ ಕೇಳುತ್ತಾನೆ. ನಡುವಿನ ಅಂತರಕ್ಕೆ ಬೆಲೆ ಕಟ್ಟುವವರು ಯಾರು ಎಂಬುದರಲ್ಲೇ ಅರ್ಧ ಇಂಧನ ಅರ್ಥಶಾಸ್ತ್ರ ಮುಗಿದುಹೋಗುತ್ತದೆ.

ಆಮೇಲೆ ಶರಾವತಿ. ಜೋಗದ ವಿದ್ಯುದಾಗಾರ 1948ರಲ್ಲಿ ಬಂತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಶರಾವತಿ ವಿದ್ಯುದಾಗಾರ ಹಂತಹಂತವಾಗಿ 1035 ಮೆಗಾವಾಟಿಗೆ ಬೆಳೆಯಿತು. ರಾಜ್ಯದ ಕಾರ್ಖಾನೆಗಳು ನಿಂತದ್ದು ಅದರ ಬಲದ ಮೇಲೆ. ಈಗಲೂ ನಮ್ಮಲ್ಲಿ ಅತಿ ಅಗ್ಗದ ಕರೆಂಟು ಎಂದರೆ ಅದೇ. ಹೊಗೆ ಇಲ್ಲ, ಬೂದಿ ಇಲ್ಲ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಹಸಿರು.

ಆ ಹಸಿರು ವಿದ್ಯುತ್ತಿಗೆ ನೆಲ ಕೊಟ್ಟವರ ಕಥೆ ಏನಾಯಿತು? ಹಿನ್ನೀರಿನಲ್ಲಿ ಮನೆ, ತೋಟ, ಗದ್ದೆ ಮುಳುಗಿದ ಕುಟುಂಬಗಳನ್ನು ಲಾರಿಗಳಲ್ಲಿ ತಂದು ಶಿವಮೊಗ್ಗ ಜಿಲ್ಲೆಯ ಕಾಡಿನ ಜಾಗಗಳಲ್ಲಿ ಇಳಿಸಿದರು. ಕಾಗದದಲ್ಲಿ ಆ ಜಾಗ ಕಾಡಾಗಿಯೇ ಉಳಿಯಿತು. ಅರವತ್ತು ವರ್ಷ ಕಳೆದರೂ ಸಾವಿರಾರು ಕುಟುಂಬಗಳು ಉಳುತ್ತಿರುವ ನೆಲಕ್ಕೆ ಸರಿಯಾದ ಹಕ್ಕುಪತ್ರವಿಲ್ಲ. ಕಂದಾಯ ಇಲಾಖೆ, ಅರಣ್ಯ ಇಲಾಖೆ, ಹೈಕೋರ್ಟು ಎಂದು ಕಡತ ಸುತ್ತುತ್ತಲೇ ಇದೆ. ಪ್ರತಿ ಚುನಾವಣೆಯಲ್ಲೂ ಶರಾವತಿ ಸಂತ್ರಸ್ತರ ಹೆಸರು ಬರುತ್ತದೆ, ಆಮೇಲೆ ಹೋಗುತ್ತದೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟ ಊರವರಿಗೆ ಒಂದು ಸೇತುವೆ ಸಿಗಲು ಅರವತ್ತು ಮಳೆಗಾಲ ಬೇಕಾಯಿತು.

ಹಾಗಾಗಿ ಹೊಗೆ ಉಗುಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾವುದೇ ಇಂಧನವನ್ನು ಪರಿಶುದ್ಧ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕಲ್ಲಿದ್ದಲಿಗೆ ನಾವು ಬಂದದ್ದು ಆಸೆಯಿಂದಲ್ಲ, ಬರದಿಂದ. ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕದ ಮೊದಲಲ್ಲಿ ಮಳೆ ಕೈಕೊಟ್ಟಾಗಲೆಲ್ಲ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ. ಎಲ್ಲ ಭಾರವೂ ಮಲೆನಾಡಿನ ಮಳೆಯ ಮೇಲೆ. 1985ರಲ್ಲಿ ಕೃಷ್ಣೆಯ ದಂಡೆಯಲ್ಲಿ, ದೇವಸೂಗೂರಿನ ಪಕ್ಕದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರದ 210 ಮೆಗಾವಾಟಿನ ಮೊದಲ ಘಟಕ ಉರಿಯಿತು. ಈಗ ಅಲ್ಲಿ ಎಂಟು ಘಟಕ, 1720 ಮೆಗಾವಾಟ್. ಮುಂದೆ ಕುಡಿತಿನಿಯಲ್ಲಿ ಬಳ್ಳಾರಿ ಸ್ಥಾವರ, ಯರಮರಸಿನಲ್ಲಿ ಇನ್ನೊಂದು, ಕರಾವಳಿಯಲ್ಲಿ ಹೊರದೇಶದ ಕಲ್ಲಿದ್ದಲು ಸುಡುವ ಉಡುಪಿ ಸ್ಥಾವರ.

ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಗಣಿಯಲ್ಲಿ ಮಳೆ ನೀರು ನಿಂತರೆ ರಾಯಚೂರಿನಲ್ಲಿ ಘಟಕ ನಿಲ್ಲುತ್ತದೆ, ರೇಕು ತಡವಾದರೆ ಬೆಂಗಳೂರಿನಲ್ಲಿ ಸಚಿವರು ದೆಹಲಿಗೆ ಹೊರಡುತ್ತಾರೆ. ರಾಜ್ಯಕ್ಕೆ ಬಿಸಿಲು, ಗಾಳಿಗಳ ಕಡೆಗೆ ಒಲವು ಹುಟ್ಟಿದ್ದರ ಹಿಂದೆ ಭೂಮಿಯ ತಾಪಮಾನದ ಚಿಂತೆಗಿಂತ ಈ ಪರಾಧೀನತೆಯ ಬೇಸರ ಹೆಚ್ಚು ಕೆಲಸ ಮಾಡಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹವಾಮಾನ ಸಮಾವೇಶಗಳ ಭಾಷಣಗಳಿಗಿಂತ ಸ್ವಾರ್ಥ ಗಟ್ಟಿಯಾದ ತಳಹದಿ.

ದಕ್ಷಿಣ ಅಮೆರಿಕದ ಉರುಗ್ವೆಯ ಕಥೆ ಇದಕ್ಕೆ ಹತ್ತಿರದ್ದು. ಮೂವತ್ತೈದು ಲಕ್ಷ ಜನರ ಪುಟ್ಟ ದೇಶ. ಅಲ್ಲೂ ಕಲ್ಲಿದ್ದಲಿಲ್ಲ, ಎಣ್ಣೆಯಿಲ್ಲ, ನದಿಗಳ ವಿದ್ಯುತ್ತು ಮಾತ್ರ. ಬರ ಬಂದ ವರ್ಷ ಎಣ್ಣೆಗಾಗಿ, ನೆರೆಯವರ ವಿದ್ಯುತ್ತಿಗಾಗಿ ಖಜಾನೆ ಕರಗುತ್ತಿತ್ತು. 2008ರಲ್ಲಿ ರಮೋನ್ ಮೆಂಡೆಸ್ ಎಂಬ ಭೌತವಿಜ್ಞಾನಿ ಇಂಧನ ಇಲಾಖೆಯ ನಿರ್ದೇಶಕರಾದರು. ದೀರ್ಘಾವಧಿಯ ನೀತಿಯೊಂದನ್ನು ಬರೆದರು, 2010ರಲ್ಲಿ ಸಂಸತ್ತಿನ ಎಲ್ಲ ಪಕ್ಷಗಳೂ ಅದಕ್ಕೆ ಒಪ್ಪಿಗೆ ಹಾಕಿದವು. ಸರ್ಕಾರಿ ವಿದ್ಯುತ್ ಸಂಸ್ಥೆ ಖಾಸಗಿಯವರ ಜೊತೆ ಇಪ್ಪತ್ತು ವರ್ಷದ ಖರೀದಿ ಕರಾರು ಮಾಡಿಕೊಂಡಿತು. ಹತ್ತು ವರ್ಷ ತುಂಬುವುದರೊಳಗೆ ಅವರ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಗಾಳಿಯದಾಯಿತು. ಒಳ್ಳೆಯ ಮಳೆಯ ವರ್ಷಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ವಿದ್ಯುತ್ತು ನವೀಕರಿಸಬಹುದಾದ ಮೂಲಗಳಿಂದಲೇ ಬರುತ್ತದೆ. ಗಾಳಿ ಬೀಸುವಾಗ ಜಲಾಶಯದ ನೀರನ್ನು ಹಿಡಿದಿಟ್ಟು ಗಾಳಿ ನಿಂತಾಗ ಬಿಡುವುದು ಅವರ ಗುಟ್ಟು. ಅಧಿಕಾರಕ್ಕೆ ಬಂದ ಬೇರೆ ಪಕ್ಷ ಹಳೆಯ ಕರಾರುಗಳನ್ನು ಮುರಿಯಲಿಲ್ಲ ಎಂಬುದೂ ಅಷ್ಟೇ ದೊಡ್ಡ ಗುಟ್ಟು. ನಮ್ಮ ದೇಶದಲ್ಲಿ ಸರ್ಕಾರ ಬದಲಾದ ಕೂಡಲೇ ಸೌರ ಕರಾರಿನ ದರವನ್ನು ಮತ್ತೆ ತೂಗಿ ನೋಡಲು ಹೊರಟ ರಾಜ್ಯಗಳಿವೆ. ಅದರ ಬೆಲೆ ಏನೆಂದು ಈಗ ಹೇಳುತ್ತೇನೆ.

ಕಲ್ಲಿದ್ದಲು ಸ್ಥಾವರದ ಖರ್ಚು ಕಂತುಕಂತಾಗಿ ಬರುವಂಥದ್ದು. ಕಟ್ಟಡಕ್ಕೆ ಒಂದಿಷ್ಟು, ಆಮೇಲೆ ಪ್ರತಿ ದಿನವೂ ಕಲ್ಲಿದ್ದಲಿಗೆ, ರೈಲು ಬಾಡಿಗೆಗೆ. ಸೌರ, ಪವನ ಸ್ಥಾವರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲ ದಿನವೇ. ಬಿಸಿಲಿಗೆ ಬಿಲ್ ಇಲ್ಲ. ಹಾಗೆಂದರೆ ಇಪ್ಪತ್ತೈದು ವರ್ಷದ ವಿದ್ಯುತ್ತನ್ನು ಒಂದೇ ಸಲಕ್ಕೆ, ಅದೂ ಸಾಲ ಮಾಡಿ ಕೊಂಡ ಹಾಗೆ. ಇಲ್ಲಿ ಬಡ್ಡಿಯ ದರವೇ ಯೂನಿಟ್ಟಿನ ದರವನ್ನು ತೀರ್ಮಾನಿಸುತ್ತದೆ. ಅದೇ ಫಲಕ, ಅದೇ ಬಿಸಿಲು ಇದ್ದರೂ ಜರ್ಮನಿಯವನಿಗೆ ಮೂರು ನಾಲ್ಕು ಪರ್ಸೆಂಟಿಗೆ ಹಣ ಹುಟ್ಟಿ ನಮ್ಮವನಿಗೆ ಹತ್ತಕ್ಕೆ ಹುಟ್ಟಿದರೆ ನಮ್ಮ ವಿದ್ಯುತ್ತು ದುಬಾರಿ. ಆಫ್ರಿಕದ ಹಲವು ದೇಶಗಳಿಗೆ ಬಡ್ಡಿ ಇನ್ನೂ ಹೆಚ್ಚು. ಕರಾರು ಮುರಿಯುವ ಅಂಜಿಕೆ, ವಿದ್ಯುತ್ತು ಹಂಚುವ ಎಸ್ಕಾಂ ಬಾಕಿ ಉಳಿಸಿಕೊಳ್ಳುವ ಅಂಜಿಕೆ, ಎಲ್ಲವೂ ಬಡ್ಡಿಯೊಳಗೆ ಸೇರಿಕೊಳ್ಳುತ್ತವೆ. ಜಗತ್ತಿನಲ್ಲೇ ಒಳ್ಳೆಯ ಬಿಸಿಲಿರುವ ದೇಶಗಳು ಬಿಸಿಲನ್ನು ಬಳಸಲಾಗದೆ ಕುಳಿತಿರುವುದಕ್ಕೆ ತಂತ್ರಜ್ಞಾನ ಕಾರಣವಲ್ಲ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಸೌರ ದರ ಯೂನಿಟ್ಟಿಗೆ 2.44 ರೂಪಾಯಿಗೆ ಇಳಿದಾಗಲೇ ತಂತ್ರಜ್ಞಾನದ ವಾದ ಮುಗಿದಿತ್ತು.

ಈ ಸಾಲದ ಸಂಗತಿಯನ್ನು ಬೇಗ ಅರ್ಥಮಾಡಿಕೊಂಡವರು ನಮ್ಮ ಬ್ಯಾಂಕಿನವರು ಎಂಬುದನ್ನು ಇಲ್ಲಿ ಹೇಳಲೇಬೇಕು. ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಎಂಬ ಸೌರದೀಪದ ಕಂಪನಿ ಶುರುಮಾಡಿದಾಗ ಬಡವರ ಮನೆಗೆ ಸೌರದೀಪ ಎಂದರೆ ದಾನ ಕೊಡುವ ವಸ್ತು ಎಂದೇ ಎಲ್ಲರ ಎಣಿಕೆ. ಗಳಿಕೆ ಬರುವ ದಿನಕ್ಕೆ ಹೊಂದುವಂತೆ ಕಂತು ಕಟ್ಟಿಕೊಟ್ಟರೆ ಬೀದಿ ವ್ಯಾಪಾರಿಯೂ ಸಾಲ ತೀರಿಸುತ್ತಾನೆ ಎಂಬುದನ್ನು ಅವರು ಮ್ಯಾನೇಜರುಗಳಿಗೆ ಮನದಟ್ಟು ಮಾಡಿದರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡತೊಡಗಿದವು. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಿಗೆ ಕೆಇಬಿ ಕಂಬಕ್ಕಿಂತ ಮೊದಲೇ ಬೆಳಕು ಬಂದದ್ದು ಹಾಗೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆ ಶಾಖಾ ಮ್ಯಾನೇಜರುಗಳಿಗೆ ಏನೂ ಬರಲಿಲ್ಲ.

ಈಗ ಪಾವಗಡ. ತುಮಕೂರು ಜಿಲ್ಲೆಯ ಈ ತಾಲ್ಲೂಕಿನ ಸುತ್ತ ಹೆಚ್ಚಿನಂಶ ಆಂಧ್ರವೇ. ಮಳೆ ಕಡಿಮೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು, ಬೆಳೆ ಎಂದರೆ ಹೆಚ್ಚಾಗಿ ಕಡ್ಲೆಕಾಯಿ. ಬರಗಾಲದಲ್ಲಿ ಗಂಡಸರು ಬೆಂಗಳೂರಿಗೆ ಕೂಲಿಗೆ ಹೋಗುವುದು ವಾಡಿಕೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಶಕ್ತಿಸ್ಥಳ ಎಂಬ ಸೌರ ಪಾರ್ಕು ಎದ್ದಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಯ ಹೊತ್ತಿಗೆ 2050 ಮೆಗಾವಾಟ್ ಪೂರ್ತಿ.

ಶರಾವತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಸರ್ಕಾರ ಇಲ್ಲಿ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯುತ್ತದೆ. ಐದು ಎಕರೆ ಕೊಟ್ಟವನಿಗೆ ಮೊದಲ ವರ್ಷವೇ ಒಂದು ಲಕ್ಷ ಐದು ಸಾವಿರ, ಮಳೆ ಬರಲಿ ಬಿಡಲಿ. ಕಡ್ಲೆಕಾಯಿ ನಂಬಿದವನಿಗೆ ಇದು ಎಂದೂ ಕಾಣದ ನಿಶ್ಚಿಂತೆ. ಭೂಸ್ವಾಧೀನದ ಇತಿಹಾಸ ಬಲ್ಲವರು ಈ ಮಾದರಿಯನ್ನು ಮನಸಾರೆ ಮೆಚ್ಚಬೇಕು, ನಾನೂ ಮೆಚ್ಚುತ್ತೇನೆ.

ಆದರೆ ಬಾಡಿಗೆ ಹೋಗುವುದು ಪಹಣಿಯ ಹೆಸರಿಗೆ. ಕಡ್ಲೆಕಾಯಿ ಕೀಳಲು, ಕಳೆ ತೆಗೆಯಲು ಬರುತ್ತಿದ್ದ ಹೆಂಗಸರಿಗೆ ಪಹಣಿ ಇಲ್ಲ. ಬೆಳೆ ಕೊಯ್ದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಇಲ್ಲ. ತಲೆಮಾರುಗಳಿಂದ ಉಳುತ್ತಾ ಬಂದು ಕಾಗದ ಆಗದೆ ಉಳಿದವರಿಗೂ ಇಲ್ಲ. ಐದು ಎಕರೆಯವನಿಗೆ ಲಕ್ಷ ಬರುವಾಗ ಐವತ್ತು ಎಕರೆಯವನಿಗೆ ಹತ್ತೂವರೆ ಲಕ್ಷ ಬರುತ್ತದೆ, ಕೂಲಿಯವಳಿಗೆ ಸೊನ್ನೆ. ಬೇಲಿಯೊಳಗೆ ಕೆಲಸ ಇಲ್ಲವೆಂದಲ್ಲ. ಫಲಕ ಒರೆಸುವುದು, ಹುಲ್ಲು ಕತ್ತರಿಸುವುದು, ಕಾವಲು ಇವೆ. ಕಟ್ಟುವಾಗ ಸಾವಿರಾರು ಜನ ಬೇಕಾಗಿದ್ದರು, ಕಟ್ಟಿದ ಮೇಲೆ ಬೇಕಾದವರು ಅದರಲ್ಲೊಂದು ಪಾಲು. ನೆಲದ ಒಡೆತನ ಮೊದಲೇ ಓರೆಯಾಗಿದ್ದ ಊರಿನಲ್ಲಿ ಬಾಡಿಗೆಯ ಹಣ ಆ ಓರೆಯನ್ನು ಇನ್ನಷ್ಟು ಬಾಗಿಸಿತು. ಇದಕ್ಕೆ ಸೌರಶಕ್ತಿಯನ್ನು ದೂರುವುದು ತಪ್ಪು. ಗುತ್ತಿಗೆಯ ಕಾಗದ ಬರೆದವರು ಎಕರೆಗೆ ಒಂದಿಷ್ಟು ಹಣವನ್ನು ಹಳ್ಳಿಯ ಸಾಮೂಹಿಕ ನಿಧಿಗೆ, ಭೂಹೀನರ ಹೆಸರಿನಲ್ಲಿ ಬರೆಯಬಹುದಿತ್ತು. 21 ಸಾವಿರವನ್ನು 13 ಸಾವಿರ ಎಕರೆಗೆ ಗುಣಿಸಿದರೆ ವರ್ಷಕ್ಕೆ 27 ಕೋಟಿ ಚಿಲ್ಲರೆ. 2050 ಮೆಗಾವಾಟಿನ ಸ್ಥಾವರದ ಲೆಕ್ಕದಲ್ಲಿ ಇದು ಚಿಕ್ಕ ಮೊತ್ತ, ಅದರ ಮೇಲೆ ಹತ್ತರಲ್ಲೊಂದು ಭಾಗ ಸೇರಿಸಿದ್ದರೆ ಯಾವ ಹೂಡಿಕೆದಾರನೂ ಓಡಿಹೋಗುತ್ತಿರಲಿಲ್ಲ.

ಪಾವಗಡದ ಬಿಸಿಲು, ಚಿತ್ರದುರ್ಗ, ಗದಗಿನ ಗಾಳಿ ಸೇರಿ 2018ರ ಹೊತ್ತಿಗೆ ನವೀಕರಿಸಬಹುದಾದ ಇಂಧನದ ಸಾಮರ್ಥ್ಯದಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಯಿತು. ಒಂದೇ ಕಡೆ ಗುಡ್ಡೆ ಹಾಕದೆ ತಾಲ್ಲೂಕಿಗೆ 20 ಮೆಗಾವಾಟಿನಂತೆ ಹಂಚಿದ ಟೆಂಡರುಗಳೂ ನಡೆದವು, ಅದು ಒಳ್ಳೆಯ ಬುದ್ಧಿ. ಬಿಸಿಲು, ಗಾಳಿಗಳ ನಡುವೆ ಒಂದು ಹೊಂದಾಣಿಕೆಯೂ ಇದೆ. ಮುಂಗಾರಿನ ಮೋಡದಲ್ಲಿ ಬಿಸಿಲು ಕುಗ್ಗುವಾಗ ಗಾಳಿ ಏರುತ್ತದೆ. ಆಮೇಲೆ ಕೆಲವು ವರ್ಷ ರಾಜ್ಯದಲ್ಲಿ ವಿದ್ಯುತ್ತು ಮಿಕ್ಕಿತು. ಹಗಲು ಬಿಸಿಲಿನ ವಿದ್ಯುತ್ತು ಬರುವಾಗ ಕಲ್ಲಿದ್ದಲು ಘಟಕಗಳನ್ನು ತಗ್ಗಿಸಬೇಕಾಯಿತು, ಕೆಲವನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದರೂ ಕರಾರಿನಂತೆ ನಿಗದಿತ ವೆಚ್ಚ ಕಟ್ಟಲೇಬೇಕು. ಉರಿಯದ ಒಲೆಗೂ ಬಾಡಿಗೆ.

ಆಮೇಲೆ ಬಂತು 2023. ಮುಂಗಾರು ಕೈಕೊಟ್ಟಿತು, ಲಿಂಗನಮಕ್ಕಿ ತುಂಬಲಿಲ್ಲ. ಮಳೆಯಿಲ್ಲದ್ದರಿಂದ ರೈತರು ಅಕ್ಟೋಬರಿನಲ್ಲೇ ಪಂಪ್‌ಸೆಟ್ ಹಾಕಿದರು, ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ಗಾಳಿಯ ಹಂಗಾಮು ಮುಗಿದಿತ್ತು. ಹಗಲು ಹೇಗೋ ನಡೆಯಿತು, ಸಂಜೆ ಆರರ ಮೇಲೆ ಕಷ್ಟ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲೇ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬುಗಳಿಂದ ಕೈಗಡ ತಂದಿತು. ಸಾಮರ್ಥ್ಯದ ಪಟ್ಟಿಯಲ್ಲಿ ಮುಂದಿರುವ ರಾಜ್ಯ ಒಂದು ಸಂಜೆಗೆ ಸಾಲ ಕೇಳಬೇಕಾಯಿತು. ದೇಶದ ಮಟ್ಟದಲ್ಲೂ ಇದೇ ಅಂತರ. 2025ರ ಮಧ್ಯದಲ್ಲಿ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಇಂಧನದ್ದಾಯಿತೆಂದು ಘೋಷಣೆಯಾಯಿತು, ನಿಜ. ಆದರೆ ನಿಜವಾಗಿ ಉತ್ಪಾದನೆಯಾಗುವ ಯೂನಿಟ್ಟುಗಳಲ್ಲಿ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದೇ. ಮೆಗಾವಾಟಿನ ಸುದ್ದಿ ಓದುವಾಗ ಯೂನಿಟ್ಟು ಎಷ್ಟು, ಯಾವ ಹೊತ್ತಿನದು ಎಂದು ಕೇಳುವ ಅಭ್ಯಾಸ ನಮ್ಮ ಪತ್ರಿಕೆಗಳಿಗೆ ಇನ್ನೂ ಬಂದಿಲ್ಲ.

ಆ ಸಂಜೆಗಾಗಿ ಸರ್ಕಾರ ಈಗ ಮುಂದಿಟ್ಟಿರುವ ಉತ್ತರ ಶರಾವತಿ ಪಂಪ್ಡ್ ಸ್ಟೋರೇಜ್. ಹಗಲಿನ ಮಿಗತೆ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವುದು. ಎತ್ತಲು ಖರ್ಚಾದ ವಿದ್ಯುತ್ತಿನಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮರಳಿ ಬರುವುದಿಲ್ಲ, ಅದು ಒಪ್ಪಿಕೊಂಡ ನಷ್ಟ. ತಾಂತ್ರಿಕವಾಗಿ ಸರಿಯಾದ ಯೋಚನೆ. ಆದರೆ ಸುರಂಗ ಕೊರೆಯಬೇಕಾದ ಜಾಗ ಸಿಂಗಳೀಕಗಳ ಅಭಯಾರಣ್ಯ. ಮತ್ತೆ ಅದೇ ಕಣಿವೆ, ಮತ್ತೆ ಅದೇ ಜನ. ಮೊದಲ ಸಲದ ಹಕ್ಕುಪತ್ರವನ್ನೇ ಕೊಡದ ಸರ್ಕಾರ ಎರಡನೆಯ ಸಲ ಬಂದು, ದೇಶಕ್ಕಾಗಿ ಸ್ವಲ್ಪ ಸಹಿಸಿಕೊಳ್ಳಿ ಎಂದರೆ ಅವರು ನಂಬಬೇಕೇಕೆ? ಹಳೆಯ ಬಾಕಿ ತೀರಿಸುವ ಮೊದಲು ಆ ಕಣಿವೆಯಲ್ಲಿ ಒಂದು ಗುದ್ದಲಿಯನ್ನೂ ಹಾಕಬಾರದು ಎಂಬುದು ನನ್ನ ನಿಲುವು. ಬ್ಯಾಟರಿಯ ಬೆಲೆ ಹತ್ತು ವರ್ಷದಲ್ಲಿ ಪಾತಾಳಕ್ಕೆ ಇಳಿದಿದೆ, ಇನ್ನೂ ಇಳಿಯುತ್ತಿದೆ. ವರ್ಷಗಟ್ಟಲೆ ಹಿಡಿಯುವ ಸುರಂಗಕ್ಕೆ ಕೈಹಾಕುವವರು ಆ ಇಳಿಕೆಯ ಜೊತೆ ಪಂದ್ಯಕ್ಕೆ ನಿಂತಿದ್ದಾರೆ ಎಂಬುದನ್ನೂ ಯೋಚಿಸಬೇಕು. ಇರುವ ಜಲಾಶಯಗಳನ್ನೇ ಹಗಲು ಹಿಡಿದು ಸಂಜೆ ಬಿಡುವ ಉರುಗ್ವೆಯ ಲೆಕ್ಕವನ್ನು ನಮ್ಮ ಲೋಡ್ ಡಿಸ್‌ಪ್ಯಾಚ್ ಕೇಂದ್ರದವರು ಒಂದು ಮಟ್ಟಿಗೆ ಮಾಡುತ್ತಲೇ ಇದ್ದಾರೆ. ಅದನ್ನು ಇನ್ನೂ ಬಿಗಿಯಾಗಿ ಮಾಡಲು ಜಾಗವಿದೆ.

ಇಷ್ಟಾದ ಮೇಲೆ ನನ್ನ ಮಾತಿನ ನಡುಗಂಬಕ್ಕೆ ಬರುತ್ತೇನೆ. ವಿದ್ಯುತ್ತನ್ನು ನಮ್ಮ ಹೊತ್ತಿಗೆ ತರುವ ಬಗ್ಗೆ ಇಷ್ಟು ಯೋಚಿಸುವ ನಾವು, ನಮ್ಮ ಬಳಕೆಯನ್ನು ಬಿಸಿಲಿನ ಹೊತ್ತಿಗೆ ಒಯ್ಯುವ ಬಗ್ಗೆ ಎಷ್ಟು ಯೋಚಿಸಿದ್ದೇವೆ?

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲಿ ಹೋಗುತ್ತದೆ. 10 ಎಚ್‌ಪಿವರೆಗೆ 2008ರಿಂದ ಉಚಿತ. ಇದಕ್ಕಾಗಿ ಸರ್ಕಾರ ಎಸ್ಕಾಂಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ ಸಹಾಯಧನ ಕೊಡಬೇಕು, ಕೊಡುವುದು ತಡವಾದರೆ ಎಸ್ಕಾಂ ಉತ್ಪಾದಕರಿಗೆ ಕೊಡುವುದು ತಡ, ಅಲ್ಲಿಂದ ಬಡ್ಡಿಯ ಸರಪಳಿ ಶುರು. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಲೆಕ್ಕ, ಅದರಲ್ಲಿ ಒಂದು ಪಾಲು ರಾತ್ರಿ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ಹೋಗುವ ರೈತನಿಗೆ ಹಾವು, ಕರಡಿ, ಚಿರತೆಗಳ ಭಯ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬದಲಾಯಿಸುವವರೆಗೆ ಬೆಳೆ ಒಣಗುತ್ತದೆ. ಉಚಿತ ಎಂದು ಪೇಟೆಯವರು ಮೂಗು ಮುರಿಯುವ ಈ ಕರೆಂಟನ್ನು ಪಡೆಯಲು ರೈತ ತೆರುವ ಬೆಲೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಫ್ರಿಜ್ಜಿಗೆ, ಆಸ್ಪತ್ರೆಗೆ, ಬೀದಿದೀಪಕ್ಕೆ ಇಂಥ ಹೊತ್ತಿನಲ್ಲೇ ವಿದ್ಯುತ್ತು ಬೇಕು. ಪಂಪಿಗೆ ಹಾಗಿಲ್ಲ. ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಓಡಿದರೆ ರೈತನಿಗೆ ಬೇಕಾದ್ದೂ ಅದೇ. ಕೃಷಿಹೊಂಡದಲ್ಲಿ ನಿಂತ ನೀರು, ಮಣ್ಣಿನಲ್ಲಿ ಇಳಿದ ತೇವ ಎರಡೂ ಸಂಗ್ರಹವೇ, ಅದಕ್ಕೆ ಬ್ಯಾಟರಿ ಬೇಡ, ಸುರಂಗ ಬೇಡ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ಟಿನ ಫೀಡರಿನಿಂದ ಬೇರೆ ಮಾಡುವ ಕೆಲಸ ಬಹಳಷ್ಟು ಕಡೆ ನಡೆದಿದೆ. ಹಳ್ಳಿಯ ಸಬ್‌ಸ್ಟೇಷನ್ ಪಕ್ಕ ನಾಲ್ಕೈದು ಮೆಗಾವಾಟಿನ ಸೌರ ಘಟಕ ಹಾಕಿ ಪಂಪಿನ ಫೀಡರಿಗೆ ಜೋಡಿಸಿದರೆ, ದೂರದಿಂದ ತಂತಿಯ ಮೇಲೆ ತರುವ ನಷ್ಟವೂ ಉಳಿಯಿತು. ಕೇಂದ್ರದ ಕುಸುಮ್ ಯೋಜನೆ 2019ರಲ್ಲಿ ಬಂದದ್ದು ಈ ಕಾರಣಕ್ಕೆ, ಅದರ ಫೀಡರ್ ಭಾಗವನ್ನು ಕರ್ನಾಟಕ ಈಗ ಕೈಗೆತ್ತಿಕೊಂಡಿದೆ. ನಿಧಾನವಾಗಿ, ಆದರೆ ಸರಿಯಾದ ದಿಕ್ಕಿನಲ್ಲಿ.

ಇದರಲ್ಲೊಂದು ಅಪಾಯವಿದೆ. ಹಗಲೆಲ್ಲ ಬಿಟ್ಟಿ ಬಿಸಿಲಿನ ಕರೆಂಟು ಸಿಕ್ಕರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳ ಗತಿ? ಅಂತರ್ಜಲದ ಕೊನೆಯ ಗುಟುಕನ್ನೂ ಸೂರ್ಯನೇ ಎತ್ತಿಕೊಟ್ಟಂತಾದೀತು. ಇದಕ್ಕೆ ಉತ್ತರ ನಮ್ಮಲ್ಲೇ ಒಮ್ಮೆ ಹೊಳೆದಿತ್ತು. 2014ರ ಸೂರ್ಯರೈತ ಯೋಜನೆಯಲ್ಲಿ, ಪಂಪಿಗೆ ಬೇಕಾದ್ದಕ್ಕಿಂತ ಹೆಚ್ಚಿನ ಫಲಕ ಕೊಟ್ಟು, ಮಿಕ್ಕ ವಿದ್ಯುತ್ತನ್ನು ಬೆಸ್ಕಾಂ ರೈತನಿಂದ ಕೊಳ್ಳುವುದು ಎಂದಿತ್ತು. ಕನಕಪುರದ ಹಾರೋಬೆಲೆ ಕಡೆ ಪ್ರಯೋಗ ನಡೆಯಿತು. ಎತ್ತದ ನೀರಿಗೂ ಬೆಲೆ ಸಿಗುವುದು ಅದರ ಚೆಲುವು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಆರು ರೈತರು ಸೇರಿ ಸೌರ ನೀರಾವರಿ ಸಹಕಾರ ಸಂಘ ಕಟ್ಟಿ ಇದೇ ಕೆಲಸ ಮಾಡಿದರು. ಹಾಲಿನ ಸಹಕಾರ ಸಂಘಗಳ ಸೀಮೆಯಲ್ಲಿ ಹಾಲಿನಂತೆಯೇ ಕರೆಂಟನ್ನೂ ಅಳೆದು ಕೊಟ್ಟರು. ನಮ್ಮ ಪ್ರಯೋಗ ರಾಜ್ಯದ ತುಂಬ ಹರಡಲಿಲ್ಲ. ಫೀಡರಿಗೆ ಘಟಕ ಜೋಡಿಸುವ ಈಗಿನ ಮಾದರಿ ಅಗ್ಗ, ಉಸ್ತುವಾರಿಯೂ ಸುಲಭ. ಆದರೆ ಅದರಲ್ಲಿ ರೈತ ಬರೀ ಗಿರಾಕಿ, ನೀರು ಉಳಿಸಿದರೆ ಅವನಿಗೆ ಬರುವುದೇನೂ ಇಲ್ಲ. ನಿಗದಿಗಿಂತ ಕಡಿಮೆ ಕರೆಂಟು ಬಳಸಿದ ಪಂಪಿಗೆ ವರ್ಷದ ಕೊನೆಯಲ್ಲಿ ಒಂದಿಷ್ಟು ಹಣ ಖಾತೆಗೆ ಹಾಕುವ ಏರ್ಪಾಡನ್ನು ಈಗಿನ ಮಾದರಿಗೇ ಸೇರಿಸಬಹುದು. ಅದಕ್ಕೆ ಪಂಪಿಗೆ ಮೀಟರ್ ಬೇಕು. ಮೀಟರ್ ಎಂದ ಕೂಡಲೇ ರೈತ ಸಂಘಟನೆಗಳು ಸಿಟ್ಟಾಗುತ್ತವೆ. ಅವರ ಅನುಮಾನಕ್ಕೆ ಆಧಾರವಿದೆ, ಇವತ್ತು ಅಳೆದವರು ನಾಳೆ ಬಿಲ್ ಕೊಡಬಹುದು. ಹಾಗಾಗಿ ಹಣದ ಖಾತರಿ ಮೊದಲು ಬರಲಿ, ಮೀಟರ್ ಆಮೇಲೆ.

ಪೇಟೆಯವರ ಬಗ್ಗೆಯೂ ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನ ಸೂರುಗಳ ಮೇಲೆ ಸಾಲುಸಾಲಾಗಿ ಸೋಲಾರ್ ವಾಟರ್ ಹೀಟರುಗಳು ಕಾಣುವುದು ಹೊಸ ಮನೆಗೆ ಅದನ್ನು ಕಡ್ಡಾಯ ಮಾಡಿ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟದ್ದರಿಂದ. ಬೆಳಗಿನ ಸ್ನಾನದ ಹೊರೆ ಗ್ರಿಡ್ಡಿನ ಮೇಲಿಂದ ಇಳಿಯಿತು, ಯಾವ ಸಮಾವೇಶವೂ ಅದನ್ನು ಹೊಗಳಲಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯ ಬಗ್ಗೆ ನನಗೆ ಎರಡು ಮನಸ್ಸು. ಬಡವರ ಮನೆಯ ಬಿಲ್ ಹೋದದ್ದು ಒಳ್ಳೆಯದು. ಆದರೆ 200 ಯೂನಿಟ್‌ವರೆಗೆ ಉಚಿತವಿರುವಾಗ ಮಧ್ಯಮ ವರ್ಗದವನು ಸೂರಿನ ಮೇಲೆ ಸಾಲ ಮಾಡಿ ಫಲಕ ಹಾಕಲು ಕಾರಣ ಉಳಿಯುವುದಿಲ್ಲ. ಕೇಂದ್ರದ ಕೈಯಿಂದ ಸೂರಿನ ಫಲಕಕ್ಕೆ ಸೂರ್ಯಘರ್ ಯೋಜನೆಯ ಸಹಾಯಧನ, ರಾಜ್ಯದ ಕೈಯಿಂದ ಅದನ್ನು ಬೇಡವಾಗಿಸುವ ಉಚಿತ ಯೂನಿಟ್ಟು. ಎರಡು ಸರ್ಕಾರಗಳ ಎರಡು ಕೈಗಳು ಒಂದನ್ನೊಂದು ನೋಡುತ್ತಿಲ್ಲ.

ಕೊನೆಗೆ, ಒಂದು ದಿನ ಕಲ್ಲಿದ್ದಲು ಬಿಡಬೇಕಾಗುವ ಶಕ್ತಿನಗರ. ಅದಕ್ಕಿಂತ ಮೊದಲು ದಕ್ಷಿಣ ಆಫ್ರಿಕದ ಕೊಮಾಟಿ. ಅಲ್ಲಿನ ಹಳೆಯ ಕಲ್ಲಿದ್ದಲು ಸ್ಥಾವರದ ಕೊನೆಯ ಘಟಕವನ್ನು 2022ರ ಅಕ್ಟೋಬರ್ ಕೊನೆಯಲ್ಲಿ ನಿಲ್ಲಿಸಿದರು. ವಿಶ್ವಬ್ಯಾಂಕಿನಿಂದ ಸುಮಾರು 50 ಕೋಟಿ ಡಾಲರಿನ ನೆರವು, ಸೌರ ಘಟಕ, ಬ್ಯಾಟರಿ, ತರಬೇತಿ ಕೇಂದ್ರ, ಎಲ್ಲ ಕಾಗದದ ಮೇಲಿತ್ತು. ಚಿಮಣಿ ನಿಂತದ್ದು ಹೇಳಿದ ದಿನಕ್ಕೆ, ಹೊಸ ಕೆಲಸ ಬರಲಿಲ್ಲ. ಕಾಯಂ ನೌಕರರಿಗೆ ಬೇರೆ ಕಡೆ ವರ್ಗ ಸಿಕ್ಕಿತು, ಗುತ್ತಿಗೆ ಕೆಲಸಗಾರರು, ಅವರನ್ನು ನಂಬಿದ್ದ ಅಂಗಡಿಯವರು ಬೀದಿಗೆ ಬಿದ್ದರು. ಆ ದೇಶದ ಅಧ್ಯಕ್ಷರ ಹವಾಮಾನ ಆಯೋಗವೇ ಆಮೇಲೆ ಈ ಲೋಪಗಳನ್ನು ಬರೆಯಿತು.

ರಾಯಚೂರಿನ ಮೊದಲ ಘಟಕಕ್ಕೆ ಈಗ ನಲವತ್ತು ದಾಟಿದೆ. ಅದರಲ್ಲಿ ಒಂದು ದಿನ ಬೆಂಕಿ ಆರುವುದು ಖಂಡಿತ, ಯಾವಾಗ ಎಂಬುದಷ್ಟೇ ಪ್ರಶ್ನೆ. ಸ್ಥಾವರ ನಡೆಸುವ ಕೆಪಿಸಿಯ ಕಾಯಂ ಎಂಜಿನಿಯರುಗಳಿಗೆ ಮುಂದಿನ ದಾರಿ ಇದೆ. ಕಲ್ಲಿದ್ದಲು ಇಳಿಸುವ, ಬಾಯ್ಲರ್ ತೊಳೆಯುವ ಗುತ್ತಿಗೆಯವರು, ಹಾರುಬೂದಿಯಿಂದ ಇಟ್ಟಿಗೆ ಮಾಡುವ ಚಿಕ್ಕ ಕಾರ್ಖಾನೆಗಳವರು, ಬೂದಿ ಲಾರಿಯ ಚಾಲಕರು, ದೇವಸೂಗೂರಿನ ಖಾನಾವಳಿಯವರು ಇವರೆಲ್ಲ ಎಷ್ಟು ಜನ, ಯಾವ ಊರಿನವರು, ಯಾರ ಸಂಬಳಪಟ್ಟಿಯಲ್ಲಿದ್ದಾರೆ ಎಂದು ಘಟಕ ಉರಿಯುತ್ತಿರುವಾಗಲೇ ಮನೆಮನೆ ಎಣಿಸಿ ಬರೆದಿಡಬೇಕು. ಬೆಂಕಿ ಆರಿದ ಮೇಲೆ ಗುತ್ತಿಗೆದಾರನ ರಿಜಿಸ್ಟರೂ ಇರುವುದಿಲ್ಲ, ಗುತ್ತಿಗೆದಾರನೂ ಇರುವುದಿಲ್ಲ. ಲಿಂಗನಮಕ್ಕಿಯ ನೀರು ಏರುವ ಮೊದಲು ಹೀಗೆ ಹೆಸರು, ಸರ್ವೆ ನಂಬರು ಹಿಡಿದು ಪಕ್ಕಾ ಕಾಗದ ಮಾಡಿದ್ದರೆ ಅವರ ಮೊಮ್ಮಕ್ಕಳು ಇವತ್ತು ಹೈಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಈ ಎಣಿಕೆಗೆ ಬೇಕಾಗುವುದು ರಾಯಚೂರಿನ ಕಾಲೇಜುಗಳ ಅರ್ಥಶಾಸ್ತ್ರ, ಸಮಾಜಶಾಸ್ತ್ರ ವಿಭಾಗದ ವಿದ್ಯಾರ್ಥಿಗಳು ಮತ್ತು ಒಂದು ಬೇಸಿಗೆ ರಜೆ. ಸಭೆಯಲ್ಲಿ ಆ ವಿಭಾಗಗಳ ಅಧ್ಯಾಪಕರು ಯಾರಾದರೂ ಇದ್ದರೆ ಉಪನ್ಯಾಸ ಮುಗಿದ ಮೇಲೆ ದಯವಿಟ್ಟು ನಿಲ್ಲಿ, ಪ್ರಶ್ನಾವಳಿಯ ಕರಡೊಂದನ್ನು ತಂದಿದ್ದೇನೆ.